ಕೀಲಿ ಮೊದಲು ಜೇಬಿಗೆ, ನೀರು ಆಮೇಲೆ



ಸೋಲಾಪುರ ಜಿಲ್ಲೆಯ ಮಂಗಳವೇಢೆ ತಾಲೂಕಿನ ಹುಲಜಂತಿಯಲ್ಲಿ ದೀಪಾವಳಿ ಅಮಾವಾಸ್ಯೆಗೆ ಮಹಾಲಿಂಗರಾಯನ ಜಾತ್ರೆ ನಡೆಯುವುದು ನಮಗೆಲ್ಲ ಗೊತ್ತಿದೆ. ಮಹಾರಾಷ್ಟ್ರ ಮತ್ತು ಕರ್ನಾಟಕ, ಎರಡೂ ಕಡೆಯಿಂದ ಜನ ಬರುತ್ತಾರೆ. ಪಲ್ಲಕ್ಕಿಗಳ ಭೇಟಿಯ ಹೊತ್ತಿನಲ್ಲಿ ತೂರುವ ಭಂಡಾರದಿಂದ ನೆಲ, ಜನ, ದಾರಿ ಬದಿಗೆ ನಿಲ್ಲಿಸಿದ ಮೋಟಾರ್ ಸೈಕಲ್ಲು ಎಲ್ಲವೂ ಹಳದಿಯಾಗುತ್ತವೆ. ಮರುದಿನ ಸುತ್ತಲಿನ ಊರುಗಳಲ್ಲಿ ಮನೆ ಮನೆಯ ಮುಂದೆ ಒಂದೇ ಕೆಲಸ. ಬಕೆಟ್ಟಿನಲ್ಲಿ ನೀರು ಇಟ್ಟುಕೊಂಡು ಹುಡುಗರು ಗಾಡಿ ತೊಳೆಯುತ್ತಾರೆ.

ಅಂಥ ಒಂದು ಬೆಳಿಗ್ಗೆ ನಮ್ಮ ಮನೆಯಲ್ಲಿಯೇ ನಡೆದ ಸಂಗತಿಯನ್ನು ಹೇಳಿ ಈ ಲೇಖನವನ್ನು ಆರಂಭಿಸುತ್ತೇವೆ. ನೆರೆಮನೆಯ ಹಿರಿಯರೊಬ್ಬರನ್ನು ಜಾತ್ರೆಗೆ ಕರೆದೊಯ್ದು ಬಂದಿದ್ದ ನಮ್ಮ ತಮ್ಮ, ಗಾಡಿ ತೊಳೆದು ಕೊನೆಗೆ ಚೈನು ಒರೆಸಲು ಕುಳಿತ. ಡಬಲ್ ಸ್ಟ್ಯಾಂಡ್ ಹಾಕಿ, ಎಂಜಿನ್ ಚಾಲು ಮಾಡಿ, ಒಂದನೇ ಗೇರಿಗೆ ಹಾಕಿ, ಓಡುವ ಚೈನಿಗೆ ಹಳೆಯ ಬಟ್ಟೆ ಹಿಡಿದ. ಚೈನು ತಾನೇ ತಿರುಗುತ್ತದೆ, ಬಟ್ಟೆ ಹಿಡಿದರೆ ಸಾಕು, ಕೆಲಸ ಬೇಗ ಮುಗಿಯುತ್ತದೆ ಎಂಬುದು ಅವನ ಲೆಕ್ಕ. ಬಟ್ಟೆಯ ಚುಂಗು ಹಲ್ಲಿನ ಚಕ್ರಕ್ಕೆ ಸಿಕ್ಕಿತು. ಬಟ್ಟೆಯ ಹಿಂದೆ ಬೆರಳೂ ಹೋಯಿತು. ಬಲಗೈಯ ತೋರುಬೆರಳಿನ ತುದಿ ಅಲ್ಲಿಯೇ ಕತ್ತರಿಸಿತು. ಇಂದಿಗೂ ಅವನಿಗೆ ಅಂಗಿಯ ಗುಂಡಿ ಹಾಕುವುದು ತಡವಾಗುತ್ತದೆ. ಜೋಳದ ಸುಗ್ಗಿಯಲ್ಲಿ ಕುಡುಗೋಲು ಹಿಡಿದರೆ ಒಂದು ಸಾಲು ಮುಗಿಯುವುದರೊಳಗೆ ಕೈ ನೋಯುತ್ತದೆ.

ಆಸ್ಪತ್ರೆಯಿಂದ ಮನೆಗೆ ಬಂದ ರಾತ್ರಿ ನಮ್ಮ ಅಪ್ಪ ಒಂದು ಮಾತು ಹೇಳಿದರು: "ಎತ್ತು ತೊಳಿಯೋ ಮುಂದ ನೊಗಾ ಬಿಚ್ಚತೀವಿ. ಗಾಡಿ ತೊಳಿಯೋ ಮುಂದ ಏನ್ ಬಿಚ್ಚಬೇಕಂತ ಈ ಹುಡುಗಗ ಯಾರೂ ಹೇಳಲಿಲ್ಲ ನೋಡು."

ಅಪ್ಪನ ಮಾತು ನಿಜ. ಎತ್ತಿನ ಬಳಿ ಹೇಗಿರಬೇಕೆಂದು ನಮ್ಮ ಹಿರಿಯರು ತಲೆಮಾರುಗಳಿಂದ ಕಲಿಸಿದ್ದಾರೆ. ಮೋಟಾರ್ ಸೈಕಲ್ಲು ನಮ್ಮ ಹಳ್ಳಿಗಳಿಗೆ ಹೆಚ್ಚಾಗಿ ಬಂದದ್ದು 1980ರ ದಶಕದ ನಂತರ. ಓಡಿಸಲು ಎಲ್ಲರೂ ಕಲಿತೆವು. ಅದರ ಬಳಿ ಎಚ್ಚರದಿಂದ ಇರುವುದನ್ನು ಕಲಿಯಲಿಲ್ಲ. ಆದ್ದರಿಂದ ಈ ಸಲ ಗಾಡಿಯನ್ನು ಅಪಾಯವಿಲ್ಲದೆ ತೊಳೆಯುವುದು ಹೇಗೆ ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ನೊಗ ಬಿಚ್ಚಬೇಕು

ಕಾರಹುಣ್ಣಿಮೆಗೋ ಬೇಂದೂರಿಗೋ ಎತ್ತಿನ ಮೈ ತೊಳೆಯುವಾಗ ಯಾರೂ ನೊಗ ಕಟ್ಟಿಕೊಂಡೇ ತೊಳೆಯುವುದಿಲ್ಲ. ಮೋಟಾರ್ ಸೈಕಲ್ಲಿನ ನೊಗವೆಂದರೆ ಅದರ ಕೀಲಿ. ಎಂಜಿನ್ ಬಂದ್ ಮಾಡಿ, ಕೀಲಿ ತೆಗೆದು, ತೊಳೆಯುವವರು ತಮ್ಮ ಜೇಬಿಗೇ ಹಾಕಿಕೊಳ್ಳಬೇಕು. ಗಾಡಿಯಲ್ಲೇ ಬಿಟ್ಟರೆ ಚಿಕ್ಕ ಮಕ್ಕಳು ತಿರುವಿ ಬಟನ್ ಒತ್ತುತ್ತಾರೆ. ಈಗಿನ ಬಹಳಷ್ಟು ಗಾಡಿಗಳಿಗೆ ಕಿಕ್ ಹೊಡೆಯುವ ಕಷ್ಟವೂ ಇಲ್ಲ, ಬೆರಳು ಒತ್ತಿದರೆ ಸಾಕು.

ಎರಡನೆಯದು, ಗಾಡಿ ನಿಲ್ಲಿಸುವ ಜಾಗ. ಹಸಿ ಮಣ್ಣಿನ ಮೇಲೆ ಸ್ಟ್ಯಾಂಡ್ ಹಾಕಿ ನೀರು ಸುರಿದರೆ ಸ್ಟ್ಯಾಂಡ್ ಕುಸಿಯುತ್ತದೆ. ನಮ್ಮ ಕಡೆಯ ಕಪ್ಪು ಎರೆಮಣ್ಣಿನಲ್ಲಂತೂ ಹೇಳುವುದೇ ಬೇಡ. ನೂರು ಕಿಲೋಗಿಂತ ಹೆಚ್ಚು ತೂಕದ ಗಾಡಿ ಪಕ್ಕದಲ್ಲಿ ಕುಳಿತ ಮಗುವಿನ ಮೇಲೆ ಬಿದ್ದರೆ ಕಾಲು ಮುರಿಯುತ್ತದೆ. ಗಟ್ಟಿ ನೆಲದಲ್ಲಿ ಇಲ್ಲವೆ ಫರಸಿ ಕಲ್ಲಿನ ಮೇಲೆ ಡಬಲ್ ಸ್ಟ್ಯಾಂಡ್ ಹಾಕಬೇಕು. ಬಾವಿಯ ಕಟ್ಟೆ ಮತ್ತು ದನಗಳ ನೀರಿನ ತೊಟ್ಟಿಯಿಂದ ದೂರವಿರಬೇಕು. ಬೇವಿನ ನೆರಳಿದ್ದರೆ ಇನ್ನೂ ಒಳ್ಳೆಯದು. ಬಿಸಿಲಿನಲ್ಲಿ ಸಾಬೂನು ಬೇಗ ಒಣಗಿ ಬಣ್ಣದ ಮೇಲೆ ಕಲೆ ಉಳಿಯುತ್ತದೆ.

ಮೂರನೆಯದು, ಗಾಡಿ ತಣ್ಣಗಾಗಬೇಕು. ಹೊಲದಿಂದ ಬಂದ ಕೂಡಲೇ ಕಾದ ಎಂಜಿನ್ ಮತ್ತು ಸೈಲೆನ್ಸರ್ ಮೇಲೆ ತಣ್ಣೀರು ಹಾಕಿದರೆ ಲೋಹಕ್ಕೆ ಪೆಟ್ಟು. ಮೇಲಕ್ಕೆ ಚಿಮ್ಮುವ ಹಬೆಯಿಂದ ಮುಖ, ಕೈ ಸುಡುತ್ತವೆ. ಸೈಲೆನ್ಸರಿಗೆ ಮೀನಖಂಡ ತಾಗಿಸಿಕೊಂಡು ಕಲೆ ಉಳಿಸಿಕೊಂಡವರು ಪ್ರತಿ ಮನೆಯಲ್ಲೂ ಒಬ್ಬರಿದ್ದಾರೆ. ಕನಿಷ್ಠ ಅರ್ಧ ತಾಸು ಬಿಡಿರಿ. ಅಷ್ಟರಲ್ಲಿ ಚಹಾ ಕುಡಿದು, ಬಟ್ಟೆ, ಬಕೆಟ್ ಸಿದ್ಧ ಮಾಡಿಕೊಳ್ಳಬಹುದು.

ಸಡಿಲವಾದ ಧೋತರ, ಹೆಗಲ ಮೇಲಿನ ಟವೆಲ್, ಉದ್ದ ತೋಳಿನ ಅಂಗಿ ಈ ಕೆಲಸಕ್ಕೆ ಸಲ್ಲವು. ಕೈಯ ಉಂಗುರ, ಕಡಗಗಳನ್ನು ತೆಗೆದಿಡಿರಿ.

ಎರಡು ಬಕೆಟ್ ನೀರು ಸಾಕು

ಮಂಗಳವೇಢೆ ತಾಲೂಕಿನ ದಕ್ಷಿಣ ಭಾಗದ ಹಳ್ಳಿಗಳಿಗೆ ನೀರಿನ ಬೆಲೆಯನ್ನು ಯಾರೂ ಕಲಿಸಬೇಕಾಗಿಲ್ಲ. 1972ರ ಬರ ಹಿರಿಯರಿಗೆ ನೆನಪಿದೆ, 2012-13ರ ಬರ ನಮಗೆಲ್ಲ ನೆನಪಿದೆ. ಪೈಪು ಹಿಡಿದು ನೀರು ಹರಿಸುತ್ತ ನಿಲ್ಲುವ ಅಗತ್ಯವಿಲ್ಲ. ಒಂದು ಗಾಡಿಗೆ ಎರಡು ಬಕೆಟ್ ನೀರು ಸಾಕು.

ಒಣ ಮಣ್ಣನ್ನು ಬಟ್ಟೆಯಿಂದ ತಿಕ್ಕಬೇಡಿರಿ, ಗೀರು ಬೀಳುತ್ತವೆ. ಮೊದಲು ಚರಿಗೆಯಿಂದ ನೀರು ಹಾಕಿ ಮಣ್ಣನ್ನು ನೆನೆಸಿ ಇಳಿಸಬೇಕು. ಆಮೇಲೆ ಅರ್ಧ ಬಕೆಟ್ ನೀರಿಗೆ ಒಂದು ಶಾಂಪೂ ಪ್ಯಾಕೆಟ್ ಕಲಸಿ, ಮೇಲಿನಿಂದ ಕೆಳಕ್ಕೆ ಬರಬೇಕು: ಟ್ಯಾಂಕು, ಸೀಟು, ದೀಪ, ಬಳಿಕ ಎಂಜಿನ್, ಕೊನೆಗೆ ಚಕ್ರ. ಮೇಲಿನ ಭಾಗಕ್ಕೆ ಒಂದು ಬಟ್ಟೆ, ಚಕ್ರ ಮತ್ತು ಕೆಳಭಾಗಕ್ಕೆ ಇನ್ನೊಂದು. ಬಟ್ಟೆ ಒಗೆಯುವ ಖಾರದ ಪುಡಿಯಿಂದ ಬಣ್ಣ ಮಂಕಾಗುತ್ತದೆ, ಕೈಯ ಚರ್ಮವೂ ಒಡೆಯುತ್ತದೆ.

ಭಂಡಾರ ಮೆತ್ತಿದ ಗಾಡಿಗೆ ಒಂದು ವಿಶೇಷ ಸೂಚನೆ. ಅರಿಶಿನಕ್ಕೆ ಸಾಬೂನು ಸೇರಿದರೆ ಕೆಂಪಾಗುತ್ತದೆಂದು ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಗೊತ್ತು. ಬಿಳಿ ಬಣ್ಣದ ಗಾಡಿಯ ಮೇಲೆ ಅದು ಚೆನ್ನಾಗಿ ಕಾಣುವುದಿಲ್ಲ. ಆದ್ದರಿಂದ ಮೊದಲು ಮೆತ್ತನೆಯ ಬಟ್ಟೆಯಿಂದ ಝಾಡಿಸಿ, ಬರೀ ನೀರಿನಿಂದ ತೊಳೆದು, ಆಮೇಲೆಯೇ ಶಾಂಪೂ ನೀರು ಹಾಕಬೇಕು.

ಸೈಲೆನ್ಸರಿನ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿರಿ, ಗಾಡಿ ಚಾಲು ಮಾಡುವ ಮೊದಲು ಮರೆಯದೆ ಬಿಚ್ಚಿರಿ. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಸುತ್ತ ನೀರು ನಿಲ್ಲಲು ಬಿಡಬಾರದು. ಈ ವಿಷಯದಲ್ಲಿ ಮೊದಲಿಗಿಂತ ಈಗ ಹೆಚ್ಚು ಜಾಗ್ರತೆ ಬೇಕು. 2025ರ ಹೊತ್ತಿಗೆ ದೇಶದ ಬಂಕುಗಳಲ್ಲೆಲ್ಲ ನೂರಕ್ಕೆ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲು ಬಂದಿದೆ. ನಮ್ಮ ಕಬ್ಬಿನಿಂದಲೂ ತಯಾರಾಗುವ ಈ ಎಥೆನಾಲ್ ನೀರನ್ನು ಎಳೆದುಕೊಳ್ಳುವ ಗುಣದ್ದು. ಟ್ಯಾಂಕಿಗೆ ನೀರು ಇಳಿದರೆ ಅದು ಎಥೆನಾಲ್ ಜೊತೆ ಕೂಡಿ ತಳಕ್ಕೆ ಇಳಿಯುತ್ತದೆ. ಗಾಡಿ ದಾರಿಯಲ್ಲೇ ನಿಂತುಬಿಡುತ್ತದೆ.

ದಾಳಿಂಬೆ, ದ್ರಾಕ್ಷಿ ತೋಟ ಇರುವವರು ಎಣ್ಣೆ ಹೊಡೆಯುವ ಎಚ್‌ಟಿಪಿ ಪಂಪಿನಿಂದಲೇ ಗಾಡಿ ತೊಳೆಯುವುದನ್ನು ನಾವು ಕಂಡಿದ್ದೇವೆ. ಇದು ಎರಡು ರೀತಿಯಿಂದ ತಪ್ಪು. ಪಂಪಿನ ಪೈಪಿನಲ್ಲಿ ಉಳಿದ ಎಣ್ಣೆ ಗಾಡಿಗೂ ಮೈಗೂ ಹತ್ತುತ್ತದೆ. ಹೆಚ್ಚಿನ ಒತ್ತಡದ ನೀರು ಚಕ್ರದ ಬೇರಿಂಗ್, ಹ್ಯಾಂಡಲಿನ ಬುಡ, ವೈರು ಮತ್ತು ಸ್ವಿಚ್ಚುಗಳ ಒಳಗೆ ನುಗ್ಗಿ ಗ್ರೀಸನ್ನು ತೊಳೆದುಬಿಡುತ್ತದೆ. ಪೇಟೆಯಲ್ಲಿ ವಾಟರ್ ಸರ್ವಿಸಿಂಗ್ ಮಾಡಿಸುವಾಗಲೂ ಈ ಜಾಗಗಳಿಗೆ ದೂರದಿಂದ ನೀರು ಹೊಡೆಯಲು ಹೇಳಿರಿ.

ಚೈನಿನ ಕೆಲಸ ಕೈಯಿಂದಲೇ ಆಗಬೇಕು

ನಮ್ಮ ತಮ್ಮ ಬೆರಳು ಕಳೆದುಕೊಂಡದ್ದು ಇಲ್ಲಿಯೇ, ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇವೆ. ಎಂಜಿನ್ ನಿಧಾನವಾಗಿ ಓಡುತ್ತಿದ್ದರೂ ಒಂದನೇ ಗೇರಿನಲ್ಲಿ ಮುಂದಿನ ಹಲ್ಲಿನ ಚಕ್ರ ಸೆಕೆಂಡಿಗೆ ಸುಮಾರು ಎರಡು ಸುತ್ತು ತಿರುಗುತ್ತದೆ. ಬಟ್ಟೆ ಸಿಕ್ಕಿದ್ದು ಕಣ್ಣಿಗೆ ಕಂಡು, ಕೈ ಬಿಡಬೇಕೆಂದು ಮನಸ್ಸಿಗೆ ಹೊಳೆಯುವಷ್ಟರಲ್ಲಿ ಬೆರಳು ಒಳಗೆ ಹೋಗಿರುತ್ತದೆ. ಎಂಜಿನ್ನಿನ ಬಲಕ್ಕೆ ಮನುಷ್ಯನ ಎಲುಬು ಜೋಳದ ದಂಟಿನಂತೆ. ಆದ್ದರಿಂದ ಓಡುವ ಚೈನಿಗೆ ಬಟ್ಟೆ, ಬ್ರಷ್ಷು, ಎಣ್ಣೆಯ ಬುದ್ದಲಿ ಏನನ್ನೂ ಹಿಡಿಯಬಾರದು. "ನಾನು ಹತ್ತು ವರ್ಷದಿಂದ ಹೀಗೇ ಮಾಡುತ್ತಿದ್ದೇನೆ" ಎನ್ನುವವರ ಮಾತನ್ನು ಕೇಳಬಾರದು.

ಸರಿಯಾದ ವಿಧಾನ ಹೀಗಿದೆ:

1. ಕೀಲಿ ಜೇಬಿನಲ್ಲಿ, ಗಾಡಿ ನ್ಯೂಟ್ರಲ್‌ನಲ್ಲಿ, ಡಬಲ್ ಸ್ಟ್ಯಾಂಡ್ ಮೇಲೆ ಇರಲಿ.

2. ಹಲ್ಲಿನ ಚಕ್ರಗಳಿಂದ ದೂರ, ಚೈನಿನ ಕೆಳಗಿನ ಸಾಲಿನ ನಡುಭಾಗವನ್ನು ಮಾತ್ರ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿರಿ. ಸ್ವಲ್ಪ ಸೀಮೆಎಣ್ಣೆ ಹಚ್ಚಿಕೊಂಡರೆ ಜಿಡ್ಡು ಬಿಡುತ್ತದೆ. ತಂತಿಯ ಬ್ರಷ್ ಬೇಡ. ಕೆಲವು ದೊಡ್ಡ ಗಾಡಿಗಳ ಚೈನಿನಲ್ಲಿ ಸಣ್ಣ ರಬ್ಬರ್ ಬಳೆಗಳಿರುತ್ತವೆ. ಪೆಟ್ರೋಲು ಮತ್ತು ತಂತಿ ಬ್ರಷ್ಷಿನಿಂದ ಅವು ಹಾಳಾಗುತ್ತವೆ.

3. ಅಷ್ಟು ಭಾಗ ಆದ ಮೇಲೆ ಚೈನಿನಿಂದ ಕೈ ತೆಗೆದು, ಹಿಂದಿನ ಟೈರು ಹಿಡಿದು ಚಕ್ರವನ್ನು ಸ್ವಲ್ಪ ತಿರುಗಿಸಿ ನಿಲ್ಲಿಸಿರಿ. ಆಮೇಲೆ ಮುಂದಿನ ಭಾಗ. ಒಂದು ಕೈ ಚಕ್ರ ತಿರುಗಿಸುವಾಗ ಇನ್ನೊಂದು ಕೈ ಚೈನಿನ ಮೇಲೆ ಇರಲೇಬಾರದು. ಕೈಯಿಂದ ತಿರುಗಿಸಿದ ಚಕ್ರವೂ ಬೆರಳು ಕತ್ತರಿಸಬಲ್ಲದು. ಒಬ್ಬರು ಒರೆಸುವಾಗ ಇನ್ನೊಬ್ಬರು ಚಕ್ರ ತಿರುಗಿಸುವುದು ಇನ್ನೂ ಅಪಾಯ.

4. ಡಬಲ್ ಸ್ಟ್ಯಾಂಡ್ ಇಲ್ಲದ ಗಾಡಿಯಾದರೆ, ಒಂದು ಭಾಗ ಒರೆಸಿ, ಎದ್ದು ಗಾಡಿಯನ್ನು ಒಂದು ಗೇಣು ಮುಂದಕ್ಕೆ ತಳ್ಳಿ, ಸ್ಟ್ಯಾಂಡ್ ಹಾಕಿ, ಮತ್ತೆ ಕುಳಿತುಕೊಳ್ಳಿರಿ. ಹೊತ್ತು ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.

5. ಒಣಗಿದ ಮೇಲೆ ಚೈನಿಗೆ ಹಾಕುವ ಎಣ್ಣೆಯನ್ನು ಹನಿಹನಿಯಾಗಿ ಹಾಕಿ, ಹೆಚ್ಚಾದದ್ದನ್ನು ಒರೆಸಿರಿ. ಟೈರಿನ ಮೇಲೆ, ಬ್ರೇಕಿನ ಮೇಲೆ ಒಂದು ಹನಿಯೂ ಬೀಳಬಾರದು.

ನಮ್ಮ ಕಡೆ ಹೆಚ್ಚಾಗಿರುವ ನೂರು ಸಿಸಿಯ ಗಾಡಿಗಳಲ್ಲಿ ಚೈನು ಪೂರ್ತಿ ಮುಚ್ಚಿದ ಕವರಿನೊಳಗೆ ಇರುತ್ತದೆ. ಅದನ್ನು ವಾರವಾರ ಬಿಚ್ಚುವ ಅಗತ್ಯವಿಲ್ಲ. ಸರ್ವಿಸಿಂಗ್ ಮಾಡಿಸುವಾಗ ಮೇಸ್ತ್ರಿಗೆ ಹೇಳಿದರೆ ಸಾಕು.

ಪೆಟ್ರೋಲು ತೊಳೆಯುವ ವಸ್ತುವಲ್ಲ

ಜಿಡ್ಡು ಬೇಗ ಹೋಗುತ್ತದೆಂದು ಪೆಟ್ರೋಲಿನಿಂದ ಎಂಜಿನ್ ಒರೆಸುವ ರೂಢಿ ಹಲವರಲ್ಲಿದೆ. ಪೆಟ್ರೋಲು ಎಷ್ಟು ಚಳಿಯಿದ್ದರೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಈ ಆವಿ ಗಾಳಿಗಿಂತ ಭಾರ. ಹೊಗೆಯಂತೆ ಮೇಲೆ ಹೋಗದೆ ನೆಲದ ಮೇಲೆ ಹರಿದು ದೂರದ ಒಲೆಯನ್ನೂ ಮುಟ್ಟಬಲ್ಲದು. ಖಂಡೇಪೂಜೆಯ ದಿನ ನೆರೆಹೊರೆಯವರು ಗಾಡಿ ತೊಳೆದ ಕೂಡಲೇ ಊದುಬತ್ತಿ, ಕರ್ಪೂರ ಹಚ್ಚುತ್ತಾರೆ. ಅಂಗಳದಲ್ಲಿ ಪೆಟ್ರೋಲಿನ ಬಟ್ಟೆ ಬಿದ್ದಿದ್ದರೆ ಏನಾಗಬಹುದೆಂದು ಯೋಚಿಸಿರಿ.

ಪೆಟ್ರೋಲಿನಲ್ಲಿ ಬೆಂಜೀನ್ ಎಂಬ ಅಂಶವಿದೆ. ಅದು ರಕ್ತದ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ವೈದ್ಯವಿಜ್ಞಾನ ಖಚಿತಪಡಿಸಿದೆ. ಉಸಿರಿನಿಂದಲೂ ಚರ್ಮದಿಂದಲೂ ಅದು ಒಳಗೆ ಹೋಗುತ್ತದೆ. ಕೈಯ ಜಿಡ್ಡು ಬಿಡಿಸಲು ಪೆಟ್ರೋಲು ಬೇಡ. ಸ್ವಲ್ಪ ಕೊಬ್ಬರಿ ಎಣ್ಣೆ ತಿಕ್ಕಿ, ಸಾಬೂನಿನಿಂದ ತೊಳೆದರೆ ಹೋಗುತ್ತದೆ. ಪೈಪಿಗೆ ಬಾಯಿ ಹಚ್ಚಿ ಟ್ಯಾಂಕಿನಿಂದ ಪೆಟ್ರೋಲು ಎಳೆಯುವುದನ್ನಂತೂ ಬಿಟ್ಟೇಬಿಡಬೇಕು. ಒಂದು ಗುಟುಕು ಪುಪ್ಪುಸಕ್ಕೆ ಇಳಿದರೂ ಪ್ರಾಣಕ್ಕೆ ಅಪಾಯ. ಪೆಟ್ರೋಲು, ಸೀಮೆಎಣ್ಣೆಗಳನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡಬೇಡಿರಿ. ಬಾಯಾರಿದ ಮಗು ಬಾಟಲಿ ನೋಡುತ್ತದೆಯೇ ಹೊರತು ಒಳಗೇನಿದೆ ಎಂದು ನೋಡುವುದಿಲ್ಲ.

ಎಣ್ಣೆ ಹೊತ್ತು ತಂದ ಗಾಡಿ

ರೈತನ ಗಾಡಿ ಪೇಟೆಯವರ ಗಾಡಿಯಂತಲ್ಲ. ಬೆಳಿಗ್ಗೆ ಹಾಲಿನ ಕ್ಯಾನು, ಮಧ್ಯಾಹ್ನ ಔಷಧದ ಡಬ್ಬಿ, ಸಂಜೆ ಗಿರಣಿಗೆ ಜೋಳದ ಚೀಲ, ರಾತ್ರಿ ಮಕ್ಕಳು, ಎಲ್ಲವೂ ಅದೇ ಸೀಟು, ಅದೇ ಕ್ಯಾರಿಯರ್. ಬೆಳೆಗೆ ಹೊಡೆಯುವ ಔಷಧವನ್ನು ನಾವು "ಎಣ್ಣೆ" ಎಂದು ಸಲೀಸಾಗಿ ಕರೆಯುತ್ತೇವೆ, ಆದರೆ ಅದು ವಿಷ.

1958ರಲ್ಲಿ ಕೇರಳದಲ್ಲಿ ಒಂದು ದೊಡ್ಡ ದುರಂತ ನಡೆಯಿತು. ಪ್ಯಾರಾಥಿಯಾನ್ ಎಂಬ ಕೀಟನಾಶಕ ಮತ್ತು ಗೋಧಿ ಹಿಟ್ಟು ಸಾಗಣೆಯಲ್ಲಿ ಒಟ್ಟಿಗೆ ಇದ್ದವು. ವಿಷ ಸೋರಿ ಹಿಟ್ಟಿಗೆ ಸೇರಿತು. ಅದನ್ನು ತಿಂದವರಲ್ಲಿ ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಈ ದುರಂತದ ನಂತರವೇ ದೇಶಕ್ಕೆ 1968ರ ಕೀಟನಾಶಕ ಕಾಯ್ದೆ ಬಂದಿತು. ಆಹಾರ ಮತ್ತು ಮೇವಿಗೆ ತಾಗುವಂತೆ ಕೀಟನಾಶಕವನ್ನು ಸಾಗಿಸಬಾರದೆಂದು 1971ರ ನಿಯಮಗಳು ಹೇಳುತ್ತವೆ. ಹಡಗು, ರೈಲಿಗೆ ಹೇಗೋ ನಮ್ಮ ಕ್ಯಾರಿಯರಿಗೂ ಹಾಗೆಯೇ.

ಆದ್ದರಿಂದ ಔಷಧದ ಡಬ್ಬಿಯನ್ನು ಪ್ರತ್ಯೇಕ ಚೀಲದಲ್ಲಿ ಕಟ್ಟಿ, ಬೇರೆ ಯಾವ ಸಾಮಾನೂ ಇಲ್ಲದಾಗ ತನ್ನಿರಿ. ಸೋರಿದ್ದು ಕಂಡರೆ ಆ ಗಾಡಿಯನ್ನು ಮಕ್ಕಳಿಂದ ತೊಳೆಸಬೇಡಿರಿ. ರಬ್ಬರ್ ಕೈಚೀಲ ಹಾಕಿಕೊಂಡು, ಬಾವಿ, ಹಳ್ಳಗಳಿಂದ ದೂರದ ಪಡ ಜಮೀನಿನಲ್ಲಿ ಸಾಬೂನು ನೀರಿನಿಂದ ಎರಡು ಮೂರು ಸಲ ತೊಳೆಯಿರಿ. ಆ ಬಟ್ಟೆಯನ್ನು ಮನೆಗೆ ತರಬೇಡಿರಿ. ಆಮೇಲೆ ನೀವೂ ಸ್ನಾನ ಮಾಡಿ, ಬಟ್ಟೆ ಬದಲಿಸಿ, ಅದಾದ ಮೇಲೆಯೇ ಊಟಕ್ಕೆ ಕೂಡಿರಿ.

ತೊಳೆದ ಕೂಡಲೇ ಓಡಿಸಬೇಡಿರಿ

ನೆನೆದ ಬ್ರೇಕ್ ಹಿಡಿಯುವುದಿಲ್ಲ. ತೊಳೆದು ಒರೆಸಿದ ಮೇಲೆ ಸ್ವಲ್ಪ ಹೊತ್ತು ಒಣಗಲು ಬಿಟ್ಟು, ಖಾಲಿ ದಾರಿಯಲ್ಲಿ ಒಬ್ಬರೇ ನಿಧಾನವಾಗಿ ಓಡಿಸಿ, ನಾಲ್ಕಾರು ಸಲ ಎರಡೂ ಬ್ರೇಕ್ ಒತ್ತಿ ನೋಡಿರಿ. ಹಿಡಿತ ಮರಳಿ ಬಂದ ಮೇಲೆಯೇ ಹೆಂಡತಿ ಮಕ್ಕಳನ್ನು ಕೂಡಿಸಿಕೊಳ್ಳಿರಿ. ಭಾನುವಾರ ಬೆಳಿಗ್ಗೆ ಪೂಜೆಗೆ ಹೊರಡುವ ಅವಸರದಲ್ಲಿ ತೊಳೆಯುವುದಕ್ಕಿಂತ ಶನಿವಾರ ಸಂಜೆ ತೊಳೆಯುವುದು ಲೇಸು.

ಹೊಳಪಿಗಾಗಿ ಟೈರಿನ ನೆಲ ಮುಟ್ಟುವ ಭಾಗ, ಡಿಸ್ಕ್ ಬ್ರೇಕ್, ಸೀಟು, ಕಾಲಿಡುವ ರಬ್ಬರಿಗೆ ಎಣ್ಣೆ, ಪಾಲಿಶ್ ಹಚ್ಚಬಾರದು. ತೊಳೆಯಲು ಅಡ್ಡವೆಂದು ಸೀರೆ ಗಾರ್ಡ್ ಬಿಚ್ಚಿಟ್ಟವರು ಅದನ್ನು ಮತ್ತೆ ಹಾಕಲು ಮರೆಯುತ್ತಾರೆ. ಹಿಂದಿನ ಚಕ್ರದ ಅರ್ಧಕ್ಕಾದರೂ ಮರೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿಯೇ ಇದೆ. ಅಕ್ಕ, ಅತ್ತಿಗೆಯರ ಸೆರಗು ಚಕ್ರಕ್ಕೆ ಸಿಕ್ಕಿದರೆ ಆಗುವ ಅನಾಹುತವನ್ನು ಬರೆಯಬೇಕಾಗಿಲ್ಲ. ಹೆಲ್ಮೆಟ್ಟಿಗೂ ಬರೀ ಸಾಬೂನು ನೀರು ಸಾಕು. ಪೆಟ್ರೋಲು, ಥಿನ್ನರ್ ತಾಗಿದರೆ ಅದರ ಗಟ್ಟಿತನ ಕಡಿಮೆಯಾಗುತ್ತದೆ.

ಅಪಾಯವಾದರೆ ಏನು ಮಾಡಬೇಕು?

ಸುಟ್ಟ ಗಾಯ: ಕೂಡಲೇ 20 ನಿಮಿಷ ತಣ್ಣೀರು ಸುರಿಯಿರಿ. ನೀರು ಉಳಿಸುವ ಹೊತ್ತು ಇದಲ್ಲ. ತುಪ್ಪ, ಟೂತ್‌ಪೇಸ್ಟ್, ಶಾಯಿ ಹಚ್ಚಬೇಡಿರಿ.

ಬೆರಳು ಕತ್ತರಿಸಿದರೆ: ಸ್ವಚ್ಛ ಬಟ್ಟೆಯಿಂದ ಗಾಯವನ್ನು ಒತ್ತಿ ಹಿಡಿದು, ಕೈಯನ್ನು ಮೇಲೆತ್ತಿ ಇಡಿರಿ. ತುಂಡಾದ ಭಾಗವನ್ನು ಹಿಂಡಿದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ನೀರಿನಲ್ಲಿಟ್ಟು ಜೊತೆಗೆ ಒಯ್ಯಿರಿ. ಮಂಜುಗಡ್ಡೆ ನೇರವಾಗಿ ತಾಗಬಾರದು. ಸೋಲಾಪುರವೋ ವಿಜಯಪುರವೋ, ಹತ್ತಿರದ ದೊಡ್ಡ ಆಸ್ಪತ್ರೆಗೆ ಆದಷ್ಟು ಬೇಗ ಮುಟ್ಟಬೇಕು. ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ಕೇಳಿರಿ. ನಾವು ಆ ದಿನ ಗಾಬರಿಯಲ್ಲಿ ಗಾಯಕ್ಕೆ ಅರಿಶಿನ ತುಂಬಿದೆವು, ಬೆರಳಿನ ತುಂಡನ್ನು ಅಂಗಳದಲ್ಲೇ ಬಿಟ್ಟು ಹೋದೆವು. ಗಾಯದಿಂದ ಅರಿಶಿನ ತೊಳೆದು ತೆಗೆಯುವುದೇ ಡಾಕ್ಟರರಿಗೆ ಮೊದಲ ಕೆಲಸವಾಯಿತು. ತುಂಡು ಎಲ್ಲಿ ಎಂದು ಅವರು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ.

ಪೆಟ್ರೋಲು, ಸೀಮೆಎಣ್ಣೆ ಕುಡಿದರೆ: ವಾಂತಿ ಮಾಡಿಸಬೇಡಿರಿ, ಉಪ್ಪುನೀರು ಕುಡಿಸಬೇಡಿರಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಔಷಧ ಮೈಗೆ ತಾಗಿ ಬೆವರು, ಜೊಲ್ಲು, ವಾಂತಿ, ಕಣ್ಣು ಮಂಜಾಗುವುದು ಕಂಡರೆ: ಬಟ್ಟೆ ಬಿಚ್ಚಿ, ಮೈಯನ್ನು ಸಾಬೂನಿನಿಂದ ತೊಳೆದು, ಔಷಧದ ಡಬ್ಬಿ ಅಥವಾ ಅದರ ಚೀಟಿಯನ್ನು ಜೊತೆಗೆ ತೆಗೆದುಕೊಂಡು ಹೋಗಿರಿ. ಯಾವ ವಿಷವೆಂದು ತಿಳಿದರೆ ಡಾಕ್ಟರರಿಗೆ ಚಿಕಿತ್ಸೆ ಸುಲಭ.

ಆಂಬುಲೆನ್ಸಿಗೆ ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ 108ಕ್ಕೆ ಫೋನ್ ಮಾಡಬಹುದು.

ಓದುಗರೇ, ಇದೆಲ್ಲವನ್ನೂ ನೆನಪಿಡುವುದು ಕಷ್ಟವೆನಿಸಿದರೆ ಒಂದನ್ನಾದರೂ ನೆನಪಿಡಿರಿ, ಮನೆಯ ಹುಡುಗರಿಗೂ ಹೇಳಿರಿ: ಕೀಲಿ ಮೊದಲು ಜೇಬಿಗೆ, ನೀರು ಆಮೇಲೆ. ನಮ್ಮ ಮನೆಯಲ್ಲಿ ಈಗ ಗಾಡಿ ತೊಳೆಯಲು ಬಕೆಟ್ ಎತ್ತಿದವರನ್ನು ಅಪ್ಪ ಕಟ್ಟೆಯ ಮೇಲಿಂದಲೇ ಕೇಳುತ್ತಾರೆ, "ನೊಗಾ ಬಿಚ್ಚೀಯೇನೋ?" ಎಂದು. ಕೇಳಿಸಿಕೊಂಡವರು ಜೇಬು ತಟ್ಟಿ ಕೀಲಿಯ ಸಪ್ಪಳ ಮಾಡಿ ತೋರಿಸುತ್ತಾರೆ. ಆಮೇಲೆಯೇ ಕೆಲಸ ಶುರು.